ಸೈಟಿಗೆ ಬರೋರ ಲೆಕ್ಕ ಯಾರ ಪುಸ್ತಕದಲ್ಲಿರ್ಬೇಕು?

2025ರ ನವೆಂಬರ್ 19ಕ್ಕೆ ಯುರೋಪಿಯನ್ ಕಮಿಷನ್ 'ಡಿಜಿಟಲ್ ಆಮ್ನಿಬಸ್' ಅನ್ನೋ ಹೆಸರಲ್ಲಿ ಒಂದು ದೊಡ್ಡ ಕಟ್ಟು ಪ್ರಸ್ತಾವನೆ ಹೊರಗೆ ಬಿಡ್ತು. ಸುದ್ದಿಯಾಗಿ ಹರಡಿದ್ದು ಮಾತ್ರ ಒಂದೇ ಸಾಲು, ಇನ್ಮೇಲೆ ಸೈಟ್ ತೆರೆದ ತಕ್ಷಣ ಒಪ್ಪಿಗೆ ಕೇಳೋ ಕುಕೀ ಬ್ಯಾನರ್ ಕಾಟ ಮುಗೀತು ಅಂತ. ಓದಿದ ತಕ್ಷಣ, ಸೈಟಿಗೆ ಬರೋರನ್ನ ಎಣಿಸೋಕೆ ಗೂಗಲ್ ಅನಲಿಟಿಕ್ಸ್ ಹಾಕ್ಕೊಂಡಿರೋರಿಗೆ ಬಂದ ಪ್ರಶ್ನೆ, ಹಾಗಾದ್ರೆ ನಾನು ಬ್ಯಾನರ್ ಕಿತ್ತು ಹಾಕ್ಬಹುದಾ? ಇನ್ನೊಂದು ಕಡೆ ಮಾಟೊಮೊ, ಉಮಾಮಿ ಥರದ ಎಣಿಕೆ ಟೂಲನ್ನ ಸ್ವಂತ ಸರ್ವರಿನಲ್ಲಿ ಕೂರಿಸ್ಕೊಂಡು ಒದ್ದಾಡ್ತಿರೋರಿಗೆ, ಎಲ್ಲಾ ಸಡಿಲ ಆಗೋದಾದ್ರೆ ನಾವು ಇಷ್ಟು ದಿನ ಪಟ್ಟ ಕಷ್ಟ ಯಾಕೆ ಅನ್ನೋ ಅನುಮಾನ.

ಎರಡೂ ಕಡೆಯವರು ಸುದ್ದಿನ ಅರ್ಧ ಅಷ್ಟೇ ಓದಿದಾರೆ. ಇನ್ನರ್ಧ ಓದಿದ್ರೆ, ಥರ್ಡ್ ಪಾರ್ಟಿ (ಬೇರೆ ಕಂಪನಿ ನಡೆಸೋ) ಟೂಲಾ ಸೆಲ್ಫ್ ಹೋಸ್ಟೆಡ್ಡಾ (ಸ್ವಂತ ಸರ್ವರಿನದ್ದಾ) ಅನ್ನೋ ಹಳೇ ಜಗಳಾನೇ ಸ್ವಲ್ಪ ಬೇರೆ ಥರ ಕಾಣತ್ತೆ. ಸಾಫ್ಟ್‌ವೇರ್ ಯಾರ ಮನೇಲಿದೆ ಅನ್ನೋದಕ್ಕಿಂತ, ಆ ಲೆಕ್ಕದಿಂದ ಇನ್ಯಾರ್ಯಾರು ಲಾಭ ಮಾಡ್ಕೋತಿದಾರೆ ಅನ್ನೋದೇ ಮುಖ್ಯ ಆಗ್ತಾ ಇದೆ.

ಪ್ರಸ್ತಾವನೆಯಲ್ಲಿ ಇರೋದೇನು

ಈಗಿರೋ ನಿಯಮ 2002ರ ಈ-ಪ್ರೈವಸಿ ಡೈರೆಕ್ಟಿವ್‌ದು, 2009ರಲ್ಲಿ ಅದನ್ನ ತಿದ್ದಿ ಬಿಗಿ ಮಾಡಿದ್ರು. ಓದುಗರ ಫೋನಲ್ಲೋ ಕಂಪ್ಯೂಟರಲ್ಲೋ ಏನಾದ್ರೂ ಬರೆದಿಟ್ರೆ (ಕುಕೀ ಅಂದ್ರೆ ಹಾಗೆ ಬರೆದಿಡೋ ಸಣ್ಣ ಗುರುತು) ಅಥವಾ ಅಲ್ಲಿರೋದನ್ನ ಓದಿದ್ರೆ, ಅದು ಸೈಟ್ ನಡಿಯೋಕೆ ಬೇಕೇ ಬೇಕು ಅನ್ನೋ ಹಾಗಿಲ್ಲದಿದ್ರೆ, ಮುಂಚೆನೇ ಒಪ್ಪಿಗೆ ತಗೋಬೇಕು. ಎಷ್ಟು ಜನ ಬಂದ್ರು ಅಂತ ಎಣಿಸೋದು 'ಬೇಕೇ ಬೇಕು' ಪಟ್ಟಿಗೆ ಬರಲ್ಲ ಅನ್ನೋದು ಸಾಮಾನ್ಯ ವ್ಯಾಖ್ಯಾನ, ಅದಕ್ಕೇ ಬ್ಯಾನರ್ ಹುಟ್ಕೊಂಡಿದ್ದು.

ಹೊಸ ಪ್ರಸ್ತಾವನೆಯಲ್ಲಿ ಒಪ್ಪಿಗೆ ಬೇಡದ ಕೆಲಸಗಳ ಪಟ್ಟಿಗೆ ಓದುಗರ ಎಣಿಕೆನೂ ಸೇರಿಸಿದಾರೆ. ಆದ್ರೆ ಷರತ್ತು ಕಟ್ಟುನಿಟ್ಟು: ಲೆಕ್ಕ ಒಟ್ಟು ಮೊತ್ತದ ರೂಪದಲ್ಲಿರ್ಬೇಕು, ಆ ಸೈಟಿನ ಜವಾಬ್ದಾರಿ ಹೊತ್ತಿರೋರೇ ಮಾಡ್ಬೇಕು, ಮತ್ತೆ ಅವರ ಸ್ವಂತ ಉಪಯೋಗಕ್ಕೆ ಮಾತ್ರ ಮಾಡ್ಬೇಕು. ಈ ಕೊನೇ ತುಣುಕು ತಲೆಬರಹಗಳಲ್ಲಿ ಬರ್ಲೇ ಇಲ್ಲ. ನಿಮ್ಮ ಸೈಟಿಗೆ ಬಂದೋರ ಮಾಹಿತಿ ನಿಮಗೂ ಸಿಕ್ಕಿ, ಜೊತೆಗೆ ಟೂಲ್ ಕೊಟ್ಟ ಕಂಪನಿನೂ ಅದನ್ನ ತನ್ನ ಜಾಹೀರಾತಿಗೋ ತನ್ನ ಪ್ರಾಡಕ್ಟ್ ಸುಧಾರಿಸೋಕೋ ಬಳಸಿದ್ರೆ ಅದು ಸ್ವಂತ ಉಪಯೋಗ ಹೇಗಾಗತ್ತೆ?

ಇನ್ನೂ ಒಂದು ವಿಷ್ಯ, ಇದು ಕಾನೂನಲ್ಲ, ಕಮಿಷನ್ ಮುಂದಿಟ್ಟ ಕರಡು. ಪಾರ್ಲಿಮೆಂಟು, ಸದಸ್ಯ ದೇಶಗಳ ಕೌನ್ಸಿಲ್ಲು ಎರಡೂ ಒಪ್ಪಬೇಕು, ಆ ದಾರಿಯಲ್ಲಿ ಒಂದೊಂದು ಪದಾನೂ ಬದಲಾಗ್ಬಹುದು. ಈಗ್ಲೇ ಬ್ಯಾನರ್ ತೆಗೆಯೋದು ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಹಾಗಂತ ಈ ಯೋಚನೆ ಆಕಾಶದಿಂದ ಉದುರಿದ್ದೇನಲ್ಲ. ಫ್ರಾನ್ಸಿನ ಡೇಟಾ ಕಾವಲು ಸಂಸ್ಥೆ ಸಿಎನ್‌ಐಎಲ್ ಇಂಥದ್ದೇ ವಿನಾಯಿತಿನ ವರ್ಷಗಳಿಂದ ಕೊಡ್ತಿದೆ. ಲೆಕ್ಕ ಸೈಟ್ ಮಾಲೀಕರಿಗೆ ಮಾತ್ರ ಸೇರ್ಬೇಕು, ಒಬ್ಬ ಓದುಗನನ್ನ ಬೇರೆ ಬೇರೆ ಸೈಟುಗಳಲ್ಲಿ ಹಿಂಬಾಲಿಸ್ಬಾರ್ದು, ಕುಕೀ 13 ತಿಂಗಳು ಮೀರಬಾರ್ದು, ಸಂಗ್ರಹಿಸಿದ ಮಾಹಿತಿ 25 ತಿಂಗಳು ಮೀರಬಾರ್ದು ಅನ್ನೋ ಥರದ ಶಿಫಾರಸು ಅದರದ್ದು. ಬ್ರಿಟನ್ 2025ರ ಜೂನಲ್ಲಿ ಪಾಸ್ ಮಾಡಿದ ಡೇಟಾ ಕಾಯ್ದೆಯಲ್ಲೂ ತಮ್ಮ ಸೇವೆ ಸುಧಾರಿಸೋಕೆ ಅಂಕಿಅಂಶ ತೆಗೆಯೋರಿಗೆ ಒಪ್ಪಿಗೆಯಿಂದ ವಿನಾಯಿತಿ ಇದೆ, ಆದ್ರೆ ಓದುಗರಿಗೆ ಸ್ಪಷ್ಟವಾಗಿ ತಿಳಿಸ್ಬೇಕು, ಬೇಡ ಅನ್ನೋಕೆ ಸುಲಭದ ದಾರಿನೂ ಇಡ್ಬೇಕು.

ಎಣಿಸೋದು ಅಂದ್ರೆ ಹೇಗೆ

ಇದಕ್ಕಿರೋದು ಎರಡೇ ದಾರಿ, ಉಳಿದಿದ್ದೆಲ್ಲ ಅದರ ಮೇಲಿನ ಬಣ್ಣ.

ಮೊದಲನೇದು ಸರ್ವರ್ ಲಾಗ್. ಯಾರೇ ಒಂದು ಪುಟ ಕೇಳಿದ್ರೂ ಸರ್ವರ್ ಒಂದು ಸಾಲು ಬರ್ಕೊಳತ್ತೆ, ಯಾವ ಐಪಿ ಇಂದ (ಇಂಟರ್‌ನೆಟ್ಟಿನ ವಿಳಾಸದಿಂದ) ಬಂತು, ಎಷ್ಟೊತ್ತಿಗೆ, ಯಾವ ಪುಟ, ಸಿಕ್ತಾ ಇಲ್ವಾ, ಎಲ್ಲಿಂದ ಕ್ಲಿಕ್ ಮಾಡ್ಕೊಂಡು ಬಂದ್ರು, ಬ್ರೌಸರ್ ತನ್ನ ಹೆಸರು ಏನಂತ ಹೇಳ್ಕೊಂಡ್ತು. 1995ರ 'ಅನಲಾಗ್', ಆಮೇಲೆ ಬಂದ ವೆಬ್‌ಅಲೈಜರ್, ಎಡಬ್ಲ್ಯೂಸ್ಟ್ಯಾಟ್ಸ್, ಈಗಿನ ಗೋಆಕ್ಸೆಸ್ ಎಲ್ಲಾ ಓದೋದು ಈ ಸಾಲುಗಳನ್ನೇ. ಪುಟಕ್ಕೆ ಒಂದಕ್ಷರ ಸೇರಿಸ್ಬೇಕಾಗಿಲ್ಲ, ಓದುಗರ ಬ್ರೌಸರಲ್ಲಿ ಏನೂ ಬರೆಯೋದೂ ಇಲ್ಲ. ಇಷ್ಟು ಇದ್ರೂ ಯಾರೂ ಅದರ ಕಡೆ ತಿರುಗಿ ನೋಡಲ್ಲ, ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ ಹಂಗೆ.

ಎರಡನೇದು ಸ್ಕ್ರಿಪ್ಟ್. ಪುಟದೊಳಗೆ ಒಂದು ತುಂಡು ಜಾವಾಸ್ಕ್ರಿಪ್ಟ್ ಇರತ್ತೆ, ಪುಟ ತೆರೆದಾಗ ಅದು ಓಡಿ ಎಲ್ಲೋ ಒಂದು ಕಡೆಗೆ ವರದಿ ಕಳ್ಸತ್ತೆ. ಸ್ಕ್ರೀನ್ ಎಷ್ಟು ದೊಡ್ಡದು, ಎಲ್ಲಿವರೆಗೂ ಸ್ಕ್ರೋಲ್ ಮಾಡಿದ್ರು, ಯಾವ ಬಟನ್ ಒತ್ತಿದ್ರು, ಇವೆಲ್ಲ ಲಾಗಲ್ಲಿ ಸಿಗೋದಿಲ್ಲ, ಸ್ಕ್ರಿಪ್ಟಲ್ಲಿ ಸಿಗತ್ತೆ. ಗೂಗಲ್ 2005ರಲ್ಲಿ ಅರ್ಚಿನ್ ಅನ್ನೋ ಕಂಪನಿ ಕೊಂಡ್ಕೊಂಡು ಅದೇ ವರ್ಷ ಅನಲಿಟಿಕ್ಸನ್ನ ಬಿಟ್ಟಿಯಾಗಿ ಕೊಟ್ಟಾಗ ಈ ದಾರಿನೇ ರಾಜಮಾರ್ಗ ಆಯ್ತು. ಅದಕ್ಕೆ ಎದುರಾಗಿ 2007ರಲ್ಲಿ ಪಿವಿಕ್ ಅಂತ ಓಪನ್ ಸೋರ್ಸ್ ಟೂಲ್ ಬಂತು, 2018ರಲ್ಲಿ ಹೆಸರು ಬದಲಾಯಿಸ್ಕೊಂಡು ಮಾಟೊಮೊ ಆಯ್ತು. ಪ್ಲಾಸಿಬಲ್, ಉಮಾಮಿ ಎಲ್ಲಾ ಇನ್ನೂ ಈಚಿನವು, ತೆಳ್ಳಗಿನ ಸ್ಕ್ರಿಪ್ಟು, ಒಂದೇ ಪುಟದಲ್ಲಿ ಎಲ್ಲಾ ವರದಿ.

ಇಲ್ಲಿ ಜನ ಎಡವೋದು ಎಲ್ಲಿ ಅಂದ್ರೆ, ಲಾಗಾ ಸ್ಕ್ರಿಪ್ಟಾ ಅನ್ನೋದು ಒಂದು ಪ್ರಶ್ನೆ, ನಿಮ್ಮ ಸರ್ವರಾ ಬೇರೆಯವರ ಸರ್ವರಾ ಅನ್ನೋದು ಇನ್ನೊಂದು ಪ್ರಶ್ನೆ. ಮಾಟೊಮೊನ ನಿಮ್ಮ ಸರ್ವರಿನಲ್ಲೂ ಓಡಿಸ್ಬಹುದು, ಅವರ ಕ್ಲೌಡಲ್ಲಿ ದುಡ್ಡು ಕೊಟ್ಟೂ ತಗೋಬಹುದು, ಅದಕ್ಕೆ ಸ್ಕ್ರಿಪ್ಟ್ ಬದಲು ಲಾಗ್ ಫೈಲ್ ತಿನ್ನಿಸೋಕೂ ಆಗತ್ತೆ. ಗೂಗಲ್ ಅನಲಿಟಿಕ್ಸ್ ಥರ್ಡ್ ಪಾರ್ಟಿ ಟೂಲ್ ಆದ್ರೂ ಅದು ಇಡೋ ಎಣಿಕೆಯ ಕುಕೀ ನಿಮ್ಮ ಡೊಮೇನ್ ಹೆಸರಲ್ಲೇ ಇರತ್ತೆ, ಅಂದ್ರೆ ಫಸ್ಟ್ ಪಾರ್ಟಿ ಕುಕೀ. ಹಾಗಾಗಿ 2024ರ ಜುಲೈನಲ್ಲಿ ಗೂಗಲ್ ತನ್ನ ಕ್ರೋಮ್ ಬ್ರೌಸರಿಂದ ಥರ್ಡ್ ಪಾರ್ಟಿ ಕುಕೀ (ಬೇರೆ ಡೊಮೇನಿನ ಹೆಸರಲ್ಲಿ ಕೂರೋದು) ತೆಗೆಯೋ ಯೋಜನೆ ಕೈಬಿಟ್ಟಾಗ ಅನಲಿಟಿಕ್ಸ್ ಉಳೀತು ಅಂತ ಸಂಭ್ರಮಿಸಿದವರೂ, ಅದಕ್ಕೂ ಮುಂಚೆ ಅನಲಿಟಿಕ್ಸ್ ಸತ್ತೋಗತ್ತೆ ಅಂತ ಹೆದರಿದವರೂ, ಇಬ್ಬರೂ ಸಂಬಂಧ ಇಲ್ಲದ ವಿಷಯಕ್ಕೆ ತಲೆ ಕೆಡಿಸ್ಕೊಂಡಿದ್ರು ಅಷ್ಟೇ.

ಒಂದ್ಸಲ ಅಕ್ರಮ, ಮತ್ತೊಂದ್ಸಲ ಸಕ್ರಮ

ಗೊಂದಲದ ಬೇರು ಇರೋದು 2020ರ ಜುಲೈ 16ರ ತೀರ್ಪಲ್ಲಿ. ಯುರೋಪಿನಿಂದ ಅಮೆರಿಕಾಗೆ ಖಾಸಗಿ ಮಾಹಿತಿ ಕಳ್ಸೋಕೆ ಇದ್ದ 'ಪ್ರೈವಸಿ ಶೀಲ್ಡ್' ಒಪ್ಪಂದನ ಯುರೋಪಿಯನ್ ನ್ಯಾಯಾಲಯ ಅವತ್ತು ರದ್ದು ಮಾಡ್ತು, ಅಮೆರಿಕಾದ ಗುಪ್ತಚರ ಸಂಸ್ಥೆಗಳ ಕೈಗೆ ಆ ಮಾಹಿತಿ ಸಿಗದ ಹಾಗೆ ಸಾಕಷ್ಟು ರಕ್ಷಣೆ ಇಲ್ಲ ಅನ್ನೋ ಕಾರಣಕ್ಕೆ. ಅದಾದ ಮರುತಿಂಗಳೇ ಖಾಸಗಿತನದ ಹೋರಾಟಗಾರ ಮ್ಯಾಕ್ಸ್ ಶ್ರೆಮ್ಸ್ ಅವರ ನೊಯ್ಬ್ ಸಂಸ್ಥೆ ಬೇರೆ ಬೇರೆ ದೇಶಗಳಲ್ಲಿ 101 ದೂರು ಹಾಕ್ತು, ಗೂಗಲ್ ಅನಲಿಟಿಕ್ಸ್, ಫೇಸ್‌ಬುಕ್ ಕನೆಕ್ಟ್ ಇಟ್ಕೊಂಡು ಓದುಗರ ಮಾಹಿತಿ ಅಮೆರಿಕಾಗೆ ಕಳ್ಸ್ತಿದ್ದ ಸೈಟುಗಳ ಮೇಲೆ. 2022ರ ಜನವರಿಯಲ್ಲಿ ಆಸ್ಟ್ರಿಯಾ, ಫೆಬ್ರವರಿಯಲ್ಲಿ ಫ್ರಾನ್ಸ್, ಜೂನಲ್ಲಿ ಇಟಲಿ, ಒಂದಾದ ಮೇಲೊಂದು ಆ ಸೈಟುಗಳು ಗೂಗಲ್ ಅನಲಿಟಿಕ್ಸ್ ಬಳಸೋದು ನಿಯಮಕ್ಕೆ ವಿರುದ್ಧ ಅಂದ್ವು.

2023ರ ಜುಲೈ ಅಂತೂ ನಗು ಬರಿಸೋ ಥರ ಇತ್ತು. ತಿಂಗಳ ಶುರುವಲ್ಲಿ ಸ್ವೀಡನ್ ಇದೇ ಕಾರಣಕ್ಕೆ ಒಂದು ಟೆಲಿಕಾಂ ಕಂಪನಿಗೆ 1.2 ಕೋಟಿ ಕ್ರೋನಾ ದಂಡ ಹಾಕ್ತು, ಒಂದೇ ವಾರದಲ್ಲಿ, ಜುಲೈ 10ಕ್ಕೆ, ಕಮಿಷನ್ ಅಮೆರಿಕಾ ಜೊತೆ ಹೊಸ 'ಡೇಟಾ ಪ್ರೈವಸಿ ಫ್ರೇಮ್‌ವರ್ಕ್' ಜಾರಿ ಮಾಡ್ತು, ಅಲ್ಲಿಗೆ ಡೇಟಾ ಅಮೆರಿಕಾಗೆ ಹೋಗತ್ತೆ ಅನ್ನೋ ಒಂದೇ ಕಾರಣಕ್ಕೆ ತಪ್ಪು ಅನ್ನೋ ವಾದ ಬಿದ್ದೋಯ್ತು. ಫ್ರೆಂಚ್ ಸಂಸದ ಫಿಲಿಪ್ ಲಾತೊಂಬ್ ಆ ಫ್ರೇಮ್‌ವರ್ಕನ್ನ ಪ್ರಶ್ನಿಸಿದ್ರು, 2025ರ ಸೆಪ್ಟೆಂಬರ್ 3ಕ್ಕೆ ಯುರೋಪಿನ ಜನರಲ್ ಕೋರ್ಟ್ ಅರ್ಜಿ ತಳ್ಳಿಹಾಕ್ತು, ಅವರು ಮೇಲ್ಮನವಿಗೆ ಹೋದ್ರು.

ಅಂದ್ರೆ ಸೈಟ್ ನಡೆಸೋರು ಕೋಡಲ್ಲಿ ಒಂದು ಸಾಲೂ ಬದಲಾಯಿಸ್ಲಿಲ್ಲ, ಆದ್ರೂ ಅವರ ಸೈಟ್ ಒಂದ್ಸಲ ಅಕ್ರಮ ಆಯ್ತು, ಆಮೇಲೆ ಸಕ್ರಮ ಆಯ್ತು, ಮುಂದೆ ಏನಾಗತ್ತೋ ಅದು ಅವರ ಕೈಲಿಲ್ಲ. ಸೆಲ್ಫ್ ಹೋಸ್ಟಿಂಗ್ ಪರ ಇರೋ ವಾದಗಳಲ್ಲಿ ನನಗೆ ಅತ್ಯಂತ ಗಟ್ಟಿ ಅನ್ಸೋದು ಇದೇ. ಖಾಸಗಿತನ, ನೀತಿ ಅನ್ನೋದೆಲ್ಲ ಒಂದು ಕಡೆ ಇರ್ಲಿ, ಎರಡು ಸರ್ಕಾರಗಳ ನಡುವಿನ ಒಪ್ಪಂದ ಮುರಿದುಬಿದ್ರೆ ನಿಮ್ಮ ಲೆಕ್ಕದ ಪುಸ್ತಕಾನೂ ಅದರ ಜೊತೆ ಬೀಳೋ ಪರಿಸ್ಥಿತಿ ಇರ್ಬಾರ್ದು. ಹಾಗಂತ ಸೆಲ್ಫ್ ಹೋಸ್ಟ್ ಮಾಡಿದ ತಕ್ಷಣ ಕಾನೂನು ಅಂಟಲ್ಲ ಅಂದ್ಕೊಳ್ಳೋದೂ ತಪ್ಪು. ಕುಕೀ ಇಟ್ರೆ ಅದು ಕುಕೀನೇ, ಯಾರ ಸರ್ವರಿಂದ ಬಂದ್ರೂ. ಪೂರ್ತಿ ಐಪಿ ಅಡ್ರೆಸ್ಸನ್ನ ವರ್ಷಗಟ್ಟಲೆ ಕೂಡಿಟ್ರೆ ಅದು ಖಾಸಗಿ ಮಾಹಿತಿನೇ, ಈಗ ಅದರ ಜವಾಬ್ದಾರಿ ಪೂರ್ತಿ ನಿಮ್ಮದು, ಬೇರೆಯವರ ಕಡೆ ಬೆರಳು ತೋರ್ಸೋಕೂ ಆಗಲ್ಲ.

ಬಿಟ್ಟಿ ಅನ್ನೋದರ ಹಿಂದೆ

ಗೂಗಲ್ ಟೂಲ್ ಪರ ಇರೋರ ಮಾತೂ ಸುಮ್ನೆ ತಳ್ಳಿಹಾಕೋ ಥರದ್ದಲ್ಲ. ಹತ್ತು ನಿಮಿಷದಲ್ಲಿ ಶುರು ಮಾಡ್ಬಹುದು, ಸರ್ವರ್ ಚಿಂತೆ ಇಲ್ಲ, ಒಂದೇ ದಿನ ಲಕ್ಷಾಂತರ ಜನ ನುಗ್ಗಿದ್ರೂ ಅದು ಅಲ್ಲಾಡಲ್ಲ. ಗೂಗಲ್ ಆ್ಯಡ್ಸಲ್ಲಿ ದುಡ್ಡು ಹಾಕೋರಿಗೆ ಯಾವ ಜಾಹೀರಾತಿಂದ ಬಂದೋರು ಕೊನೆಗೆ ಕೊಂಡ್ಕೊಂಡ್ರು ಅನ್ನೋದು ಸರಾಗವಾಗಿ ಜೋಡಣೆ ಆಗತ್ತೆ, ಅದನ್ನ ಬೇರೆ ಟೂಲಲ್ಲಿ ಮಾಡೋಕೆ ಹೋದ್ರೆ ಸಿಕ್ಕಾಪಟ್ಟೆ ಕೆಲಸ. ಕಚ್ಚಾ ಡೇಟಾನ ಗೂಗಲ್ಲಿನದೇ ಡೇಟಾ ಉಗ್ರಾಣ ಬಿಗ್‌ಕ್ವೆರಿಗೆ ಕಳ್ಸೋ ಸೌಲಭ್ಯ ಬಿಟ್ಟಿ ಆವೃತ್ತಿಯಲ್ಲೂ ಇದೆ, ದಿನಕ್ಕೆ 10 ಲಕ್ಷ ಇವೆಂಟ್ (ಪುಟ ತೆರೆದಿದ್ದು, ಬಟನ್ ಒತ್ತಿದ್ದು ಥರದ ಒಂದೊಂದು ಘಟನೆ) ಮಿತಿಯೊಳಗೆ.

ಆದ್ರೆ ಬಿಟ್ಟಿ ಟೂಲಲ್ಲಿ ನಿಯಮ ಬರೆಯೋರು ನೀವಲ್ಲ. 2023ರ ಜುಲೈ 1ಕ್ಕೆ ಹಳೇ ಯೂನಿವರ್ಸಲ್ ಅನಲಿಟಿಕ್ಸ್ ಎಣಿಸೋದು ನಿಲ್ಲಿಸ್ತು, ಅದರ ಜಾಗಕ್ಕೆ ಬಂದ ಹೊಸ ಗೂಗಲ್ ಅನಲಿಟಿಕ್ಸ್ 4ಕ್ಕೆ (ಜಿಎ4) ಹಳೇ ಲೆಕ್ಕ ಸಾಗಿಸೋ ದಾರಿ ಇರ್ಲಿಲ್ಲ ಯಾಕಂದ್ರೆ ಹಳೇದು ಸೆಷನ್ (ಒಂದೊಂದು ಭೇಟಿ) ಲೆಕ್ಕದಲ್ಲಿ ಯೋಚಿಸ್ತಿತ್ತು ಹೊಸದು ಇವೆಂಟ್ ಲೆಕ್ಕದಲ್ಲಿ ಯೋಚಿಸತ್ತೆ, ಮತ್ತೆ 2024ರ ಜುಲೈ ಆದ್ಮೇಲೆ ಹಳೇ ಡೇಟಾನ ಅಳಿಸಿಹಾಕೋಕೆ ಶುರು ಮಾಡಿದ್ರು. ಹತ್ತು ವರ್ಷದ ದಾಖಲೆ ಇದ್ದೋರು ಅಷ್ಟರೊಳಗೆ ಇಳಿಸ್ಕೊಂಡಿದ್ರೆ ಉಳೀತು, ಇಲ್ಲಾಂದ್ರೆ ಹೋಯ್ತು. ನೋಟಿಸ್ ಕೊಟ್ಟಿದ್ರು ಅನ್ನೋದೂ ನಿಜ, ಮೋಸ ಅಂತ ಹೇಳೋಕಾಗಲ್ಲ, ಆದ್ರೆ ಬಾಡಿಗೆ ಮನೆ ಅಂದ್ರೆ ಹಿಂಗೇ.

ಜಿಎ4ರಲ್ಲಿ ಇನ್ನೂ ಕೆಲವು ಮಿತಿ ಇದೆ, ತುಂಬಾ ಜನ ಗಮನಿಸಿರಲ್ಲ. ಬಿಡಿ ಬಿಡಿ ಯೂಸರ್ ಮಟ್ಟದ ಮಾಹಿತಿ ಬಿಟ್ಟಿ ಆವೃತ್ತಿಯಲ್ಲಿ ಹೆಚ್ಚಂದ್ರೆ 14 ತಿಂಗಳು ಉಳಿಯತ್ತೆ, ಸೆಟ್ಟಿಂಗ್ ಮುಟ್ಟದೇ ಬಿಟ್ರೆ ಬರೀ 2 ತಿಂಗಳು. ಮಾಮೂಲಿ ವರದಿಗಳು ಉಳಿಯತ್ತೆ, ಆದ್ರೆ ನೀವೇ ಅಗೆದು ನೋಡೋ 'ಎಕ್ಸ್‌ಪ್ಲೊರೇಷನ್' ಭಾಗದಲ್ಲಿ ಹಿಂದಿಂದು ಖಾಲಿ. ಅಲ್ಲೇ ಒಂದು ಪ್ರಶ್ನೆಗೆ 1 ಕೋಟಿ ಇವೆಂಟ್ ದಾಟಿದ್ರೆ ಸ್ಯಾಂಪಲ್ ತಗೊಂಡು ಅಂದಾಜು ಹೇಳತ್ತೆ. ಜನ ಕಡಿಮೆ ಇರೋ ಸಾಲುಗಳನ್ನ, ಯಾರದ್ದು ಅಂತ ಗೊತ್ತಾಗ್ಬಾರ್ದು ಅನ್ನೋ ಕಾರಣ ಕೊಟ್ಟು ಕೆಲವೊಮ್ಮೆ ಮುಚ್ಚಿಡತ್ತೆ, ಸಣ್ಣ ಸೈಟಿನವರಿಗೆ ಇದು ದೊಡ್ಡ ಪೆಟ್ಟು ಯಾಕಂದ್ರೆ ಅವರ ಹತ್ರ ಇರೋದೆಲ್ಲಾ ಸಣ್ಣ ಸಾಲುಗಳೇ.

ಇನ್ನು 'ಸ್ವಂತ ಉಪಯೋಗ'ದ ವಿಷ್ಯಕ್ಕೆ ಬಂದ್ರೆ, ಅನಲಿಟಿಕ್ಸಿನ ಸೆಟ್ಟಿಂಗಲ್ಲೇ ಡೇಟಾ ಹಂಚ್ಕೊಳ್ಳೋ ಆಯ್ಕೆ ಇದೆ, ಗೂಗಲ್ ತನ್ನ ಪ್ರಾಡಕ್ಟ್ ಸುಧಾರಿಸೋಕೆ ಬಳಸ್ಬಹುದಾ ಅಂತ. ಅದನ್ನ ಆನ್ ಮಾಡಿಟ್ಟಿರೋ ಸೈಟಿಗೂ ಆಫ್ ಮಾಡಿರೋ ಸೈಟಿಗೂ ಟೂಲ್ ಒಂದೇ, ಕಾನೂನಿನ ಕಣ್ಣಲ್ಲಿ ಪರಿಸ್ಥಿತಿ ಬೇರೆ ಬೇರೆ. ಈ ಬಟನ್ ಯಾವ ಕಡೆಗಿದೆ ಅಂತ ಎಷ್ಟು ಸೈಟಿನವರು ನೋಡಿದಾರೋ ದೇವರಿಗೇ ಗೊತ್ತು.

ಸ್ವಂತ ಸರ್ವರ್, ಸ್ವಂತ ತಲೆನೋವು

ಸೆಲ್ಫ್ ಹೋಸ್ಟಿಂಗ್ ಬಗ್ಗೆ ಬರೆಯೋರು ಇನ್‌ಸ್ಟಾಲ್ ಮಾಡೋದು ಎಷ್ಟು ಸುಲಭ ಅಂತ ಬರೀತಾರೆ, ಆರು ತಿಂಗಳಾದ್ಮೇಲೆ ಏನಾಗತ್ತೆ ಅಂತ ಬರೆಯಲ್ಲ.

ಮಾಟೊಮೊ ಉದಾಹರಣೆ ತಗೊಳ್ಳಿ. ಪ್ರತಿ ಭೇಟಿ, ಪ್ರತಿ ಕ್ಲಿಕ್ ಮೈಎಸ್‌ಕ್ಯೂಎಲ್ ಅಥವಾ ಮರಿಯಾಡಿಬಿ ಡೇಟಾಬೇಸಿನ ಕಚ್ಚಾ ಟೇಬಲ್ಲಿಗೆ ಹೋಗಿ ಕೂತ್ಕೊಳತ್ತೆ, ಅದರಿಂದ ದಿನದ, ವಾರದ, ತಿಂಗಳ ವರದಿ ಕಟ್ಟೋ ಕೆಲಸ ಬೇರೆ, ಅದಕ್ಕೆ ಆರ್ಕೈವಿಂಗ್ ಅಂತಾರೆ. ಹೊಸದಾಗಿ ಹಾಕಿದಾಗ ವರದಿ ಪುಟ ತೆರೆದ ಹೊತ್ತಿಗೇ ಈ ಕೆಲಸ ನಡಿಯತ್ತೆ, ಓದುಗರು ಕಡಿಮೆ ಇದ್ದಾಗ ಗೊತ್ತೇ ಆಗಲ್ಲ. ಓದುಗರು ಜಾಸ್ತಿ ಆದ್ಮೇಲೆ ವರದಿ ಪುಟ ತೆರೆದ್ರೆ ಸುತ್ತುತ್ತಾನೇ ಇರತ್ತೆ, ಡೇಟಾಬೇಸ್ ಏದುಸಿರು ಬಿಡತ್ತೆ, ಅದೇ ಮಷೀನಲ್ಲಿ ನಿಮ್ಮ ಸೈಟೂ ಇದ್ರೆ ಸೈಟೂ ನಿಧಾನ ಆಗತ್ತೆ, ಅಂದ್ರೆ ಜನ ಎಣಿಸೋಕೆ ಹೋಗಿ ಬಂದ ಜನಾನೇ ಓಡಿಸಿದ ಹಾಗೆ. ಪರಿಹಾರ ಗೊತ್ತಿರೋದೇ: ಆರ್ಕೈವಿಂಗನ್ನ ಕ್ರಾನ್ (ಹೇಳಿದ ಹೊತ್ತಿಗೆ ತಾನೇ ಕೆಲಸ ಶುರು ಮಾಡೋ ವ್ಯವಸ್ಥೆ) ಮೂಲಕ ಹಿನ್ನೆಲೆಯಲ್ಲಿ ಓಡ್ಸೋದು, ಕಚ್ಚಾ ಲಾಗನ್ನ ಇಷ್ಟು ದಿನ ಆದ್ಮೇಲೆ ಅಳಿಸು ಅಂತ ಹೇಳಿಡೋದು, ಸಾಧ್ಯ ಆದ್ರೆ ಡೇಟಾಬೇಸನ್ನ ಬೇರೆ ಮಷೀನಿಗೆ ಹಾಕೋದು. ಪ್ಲಾಸಿಬಲ್ಲನ್ನ ನೀವೇ ಓಡಿಸೋದಾದ್ರೆ ಪೋಸ್ಟ್‌ಗ್ರೆಸ್ ಜೊತೆಗೆ ಕ್ಲಿಕ್‌ಹೌಸ್ ಅನ್ನೋ ಇನ್ನೊಂದು ಡೇಟಾಬೇಸೂ ಬೇಕು, ಅದು ಎಣಿಕೆಗೆ ಬಲು ವೇಗ ಆದ್ರೆ ಮೆಮೊರಿ ಕೇಳತ್ತೆ, ಅಗ್ಗದ ಶೇರ್ಡ್ ಹೋಸ್ಟಿಂಗಲ್ಲಿ ನಡಿಯೋ ಮಾತಲ್ಲ. ಗೋಆಕ್ಸೆಸ್ಸಿಗೆ ಇದ್ಯಾವುದೂ ಬೇಡ, ಲಾಗ್ ಫೈಲ್ ಕೊಟ್ರೆ ಸಾಕು.

ಆಮೇಲೆ ಅಪ್‌ಡೇಟು. ಎಣಿಕೆ ಸಾಫ್ಟ್‌ವೇರ್ ಅಂದ್ರೆ ಇಂಟರ್‌ನೆಟ್ಟಿಗೆ ತೆರೆದ ಇನ್ನೊಂದು ಲಾಗಿನ್ ಬಾಗಿಲು, ವರ್ಷಗಟ್ಟಲೆ ಮುಟ್ಟದೇ ಬಿಟ್ರೆ ಅದೇ ಕಳ್ಳರ ದಾರಿ. ಬ್ಯಾಕಪ್ ತಗೊಳ್ದೇ ಡಿಸ್ಕ್ ಹೋದ್ರೆ, ಗೂಗಲ್ ಅಳಿಸಿದ್ರೂ ನಾವೇ ಕಳ್ಕೊಂಡ್ರೂ ಪರಿಣಾಮ ಒಂದೇ.

ಇದಕ್ಕೆ ಎದುರು ತಕ್ಕಡಿಯಲ್ಲಿ ಇಡ್ಬೇಕಾದ್ದು ಬೇರೆಯವರ ಸ್ಕ್ರಿಪ್ಟಿನ ಅಪಾಯ. ಥರ್ಡ್ ಪಾರ್ಟಿ ಸ್ಕ್ರಿಪ್ಟ್ ನಿಮ್ಮ ಪುಟದೊಳಗೆ ನಿಮ್ಮ ಕೋಡಿಗಿರೋ ಅಷ್ಟೇ ಅಧಿಕಾರದಲ್ಲಿ ಓಡತ್ತೆ. 2024ರ ಜೂನಲ್ಲಿ ಪಾಲಿಫಿಲ್ ಡಾಟ್ ಐಒ ಡೊಮೇನಿನ ಪ್ರಕರಣ ಅದನ್ನೇ ತೋರಿಸ್ತು, ಆ ಡೊಮೇನ್ ಅದೇ ವರ್ಷ ಬೇರೆಯವರ ಕೈಗೆ ಹೋಗಿತ್ತು, ಅದರಿಂದ ಸ್ಕ್ರಿಪ್ಟ್ ಎಳ್ಕೋತಿದ್ದ 1 ಲಕ್ಷಕ್ಕೂ ಹೆಚ್ಚು ಸೈಟುಗಳ ಓದುಗರಿಗೆ ಕೆಟ್ಟ ಕೋಡ್ ಬಡಿಸಲಾಯ್ತು. ಅದು ಎಣಿಕೆ ಟೂಲಲ್ಲ ನಿಜ, ಆದ್ರೆ ಕಾರಣ ಒಂದೇ, ಬೇರೆಯವರ ಫೈಲನ್ನ ಕಣ್ಣುಮುಚ್ಚಿ ಪುಟದೊಳಗೆ ಬಿಟ್ಕೊಂಡಿದ್ದು. ಗೂಗಲ್ ಥರದ ದೊಡ್ಡ ಕಂಪನಿಗೆ ಹಂಗಾಗೋ ಸಾಧ್ಯತೆ ಬಹಳ ಕಮ್ಮಿ, ಹೆಸರೇ ಕೇಳಿರದ ಬಿಟ್ಟಿ ಕೌಂಟರುಗಳ ಬಗ್ಗೆ ಮಾತ್ರ ಆ ಭರವಸೆ ಯಾರೂ ಕೊಡಲ್ಲ.

ಎರಡು ಟೂಲಿನ ನಂಬರ್ ಯಾಕೆ ಹೊಂದಲ್ಲ

ಟೂಲ್ ಬದಲಾಯಿಸಿದ ಎಲ್ಲರೂ ಮೊದಲ ವಾರದಲ್ಲೇ ಕೇಳೋ ಪ್ರಶ್ನೆ ಇದು, ಹಳೇದು ಸುಳ್ಳು ಹೇಳ್ತಿತ್ತಾ, ಹೊಸದು ಹೇಳ್ತಿದ್ಯಾ? ಒಬ್ಬನೇ ಒಬ್ಬ ಓದುಗನ್ನ ಇಟ್ಕೊಂಡು ನೋಡೋಣ. ಅವನು ಒಂದೇ ಫೋನಲ್ಲಿ ತಿಂಗಳ 1, 11, 21ನೇ ತಾರೀಕು ನಿಮ್ಮ ಸೈಟಿಗೆ ಬಂದ ಅಂದ್ಕೊಳ್ಳಿ.

ಅವನದ್ದು ಕ್ರೋಮ್, ಕುಕೀಗೆ ಒಪ್ಕೊಂಡಿದಾನೆ, ಜಾಹೀರಾತು ತಡೆಯೋ ಆ್ಯಡ್ ಬ್ಲಾಕರ್ ಇಲ್ಲ. ಆಗ ಜಿಎ4ರಲ್ಲೂ ಕುಕೀ ಆನ್ ಇರೋ ಮಾಟೊಮೊದಲ್ಲೂ ಅವನು ಒಬ್ಬ. ಅದೇ ಅವನು ಸಫಾರಿ ಬಳಸೋನಾದ್ರೆ ಮೂರು ಜನ. ಯಾಕಂದ್ರೆ ಸ್ಕ್ರಿಪ್ಟ್ ಇಟ್ಟ ಕುಕೀಗಳನ್ನ ಸಫಾರಿ 2019ರಿಂದ 7 ದಿನಕ್ಕೇ ಮುಗಿಸಿಬಿಡತ್ತೆ, ಹತ್ತು ದಿನ ಬಿಟ್ಟು ಬಂದೋನು ಹೊಸಬನ ಥರಾನೇ ಕಾಣ್ತಾನೆ. ಇಲ್ಲಿ ಸೆಲ್ಫ್ ಹೋಸ್ಟ್ ಮಾಡಿದ್ರೂ ಬಚಾವಿಲ್ಲ, ಸಫಾರಿ ನೋಡೋದು ಕುಕೀನ ಸ್ಕ್ರಿಪ್ಟ್ ಇಟ್ತಾ ಇಲ್ವಾ ಅಂತ, ಸರ್ವರ್ ಯಾರದ್ದು ಅಂತಲ್ಲ.

ಅವನು ಆ್ಯಡ್ ಬ್ಲಾಕರ್ ಹಾಕಿದ್ರೆ ಜಿಎ4ರಲ್ಲಿ ಅವನು ಸೊನ್ನೆ. ಬ್ಲಾಕರುಗಳು ಬಳಸೋ 'ಈಸಿಪ್ರೈವಸಿ' ಪಟ್ಟಿಯಲ್ಲಿ ಗೂಗಲ್ ಅನಲಿಟಿಕ್ಸ್ ಅಡ್ರೆಸ್ ಇದೆ. ಮಾಟೊಮೊ ಸ್ಕ್ರಿಪ್ಟಿನ ಫೈಲ್ ಹೆಸರೂ ಬ್ಲಾಕ್ ಆಗೋದರಿಂದ ನಿಮ್ಮದೇ ಡೊಮೇನಲ್ಲಿದ್ರೂ ಮಾಮೂಲಿ ಹೆಸರಲ್ಲಿಟ್ರೆ ಸಿಕ್ಕಿಬೀಳತ್ತೆ. ಹೆಸರು ಬದಲಾಯಿಸಿ, ಇಲ್ಲಾ ಥರ್ಡ್ ಪಾರ್ಟಿ ಸರ್ವರಿಗೆ ಡಿಎನ್‌ಎಸ್‌ನಲ್ಲಿ ನಿಮ್ಮ ಡೊಮೇನಿನ ಮುಖವಾಡ ಹಾಕಿ ತಪ್ಪಿಸ್ಕೊಳ್ಳೋರಿದಾರೆ, ಅಳಿಯ ಅಲ್ಲ ಮಗಳ ಗಂಡ ಅನ್ನೋ ಕಥೆ ಅದು. ಬ್ರೌಸರುಗಳು ಈ ಆಟಾನೂ ಹಿಡಿಯೋದು ಕಲಿತಿವೆ, ಅದೂ ಅಲ್ಲದೆ ಬೇಡ ಅಂತ ಬ್ಲಾಕರ್ ಹಾಕ್ಕೊಂಡಿರೋನನ್ನ ಹಿಂಬಾಗಿಲಿಂದ ಎಣಿಸೋದು ಯಾವ ಮರ್ಯಾದೆ?

ಪ್ಲಾಸಿಬಲ್ಲಿನಲ್ಲಿ ಯಾವ ಬ್ರೌಸರ್ ಆದ್ರೂ ತಿಂಗಳ ಲೆಕ್ಕಕ್ಕೆ ಅವನು ಮೂರು ಜನ. ಅದು ಕುಕೀ ಇಡೋದೇ ಇಲ್ಲ, ಐಪಿ, ಬ್ರೌಸರ್ ಹೆಸರು, ಸೈಟಿನ ಹೆಸರಿಗೆ ಅವತ್ತಿನ ಒಂದು ಗುಟ್ಟಿನ ಸಂಖ್ಯೆ ಬೆರೆಸಿ ಒಂದು ಹ್ಯಾಶ್ (ನೋಡಿದ್ರೆ ಮೂಲ ಗೊತ್ತಾಗದ ಗುರುತು) ಮಾಡ್ಕೊಳತ್ತೆ, ಆ ಗುಟ್ಟನ್ನ 24 ಗಂಟೆಗೊಮ್ಮೆ ಎಸೆದುಬಿಡತ್ತೆ. ನಿನ್ನೆ ಬಂದೋನೇ ಇವತ್ತೂ ಬಂದ ಅಂತ ಅದಕ್ಕೆ ಗೊತ್ತಾಗಲ್ಲ, ಗೊತ್ತಾಗ್ಬಾರ್ದು ಅಂತಾನೇ ಹಂಗೆ ಕಟ್ಟಿರೋದು. ಹಾಗಾಗಿ ಇಂಥ ಟೂಲಲ್ಲಿ ದಿನದ ಲೆಕ್ಕ ನಂಬ್ಬಹುದು, ತಿಂಗಳ 'ಯೂನಿಕ್ ವಿಸಿಟರ್' ಅನ್ನೋದು ಉಬ್ಬಿರತ್ತೆ.

ಸರ್ವರ್ ಲಾಗಲ್ಲಿ? ಮೊಬೈಲ್ ಕಂಪನಿಗಳು ಸಾವಿರಾರು ಜನಕ್ಕೆ ಒಂದೇ ಐಪಿ ಹಂಚೋದರಿಂದ ಅವನು ಇನ್ನೊಬ್ಬನ ಜೊತೆ ಬೆರೆತು ಮಾಯ ಆಗ್ಬಹುದು, ಒಂದ್ಸಲ ವೈಫೈ ಇನ್ನೊಂದ್ಸಲ ಡೇಟಾ ಬಳಸಿದ್ರೆ ಇಬ್ಬರಾಗ್ಬಹುದು, ಮುಂದೆ ಸಿಡಿಎನ್ (ಪುಟದ ನಕಲು ಇಟ್ಕೊಂಡು ಹಂಚೋ ಸೇವೆ) ಇದ್ದು ಪುಟ ಅದರ ನಕಲಿಂದಲೇ ಹೋಗಿದ್ರೆ ನಿಮ್ಮ ಸರ್ವರಿಗೆ ಅವನು ಬಂದಿದ್ದೇ ತಿಳಿಯಲ್ಲ. ಅವನನ್ನ ಸುತ್ತುವರೆದಿರೋ ಬಾಟುಗಳು, ಅಂದ್ರೆ ತಾವಾಗೇ ಪುಟ ತೆರೆಯೋ ಪ್ರೋಗ್ರಾಂಗಳು ಬೇರೆ.

ಈ ಬಾಟ್ ವಿಷಯಕ್ಕೇ ಲಾಗಿಗೆ ಮತ್ತೆ ಬೆಲೆ ಬಂದಿದೆ. ಎಐ ಕಂಪನಿಗಳ ಕ್ರಾಲರುಗಳು, ಓಪನ್‌ಎಐ 2023ರಲ್ಲಿ ಹೇಳ್ಕೊಂಡ ಜಿಪಿಟಿಬಾಟ್ ಥರದವು, ಪುಟ ಎಳ್ಕೊಂಡು ಹೋಗ್ತವೆ ಆದ್ರೆ ಬಹುತೇಕ ಜಾವಾಸ್ಕ್ರಿಪ್ಟ್ ಓಡಿಸಲ್ಲ. ಸ್ಕ್ರಿಪ್ಟ್ ಟೂಲ್ ನೋಡ್ಕೊಂಡು ಕೂತೋರಿಗೆ ಎಲ್ಲಾ ಶಾಂತವಾಗಿ ಕಾಣತ್ತೆ, ಸರ್ವರ್ ಬಿಲ್ ಮಾತ್ರ ಏರ್ತಿರತ್ತೆ. ಯಾರು ಎಷ್ಟು ಪುಟ ಹೊತ್ಕೊಂಡು ಹೋಗ್ತಿದಾರೆ ಅನ್ನೋದು ಗೊತ್ತಾಗೋದು ಲಾಗಿಂದಲೇ, ಅಲ್ಲೂ ಸುಳ್ಳು ಹೆಸರು ಹೇಳ್ಕೊಂಡು ಬರೋ ಬಾಟುಗಳು ಇದಾವೆ ಅನ್ನೋದನ್ನ ನೆನಪಿಟ್ಕೋಬೇಕು.

ಒಪ್ಪಿಗೆ ಸಿಗದವರ ಜಾಗನ ಜಿಎ4 ಅಂದಾಜಿಂದ ತುಂಬತ್ತೆ, ಅದಕ್ಕೆ ಮಾಡೆಲಿಂಗ್ ಅಂತಾರೆ, ಆದ್ರೆ ಅದಕ್ಕೆ ಸಾಕಷ್ಟು ಓದುಗರ ಡೇಟಾ ಬೇಕು, ಸಣ್ಣ ಸೈಟುಗಳಿಗೆ ಆ ಭಾಗ್ಯ ಇಲ್ಲ. ಸಣ್ಣ ಸೈಟ್ ಬ್ಯಾನರ್ ಹಾಕ್ತು, ಜನ ಬೇಡ ಅಂದ್ರು, ಲೆಕ್ಕ ನೆಲಕ್ಕೆ ಬಿತ್ತು, ಅಷ್ಟೇ.

ಮಧ್ಯದ ದಾರಿ ಮತ್ತೆ ಮುಂದಿನ ಜಗಳ

ಸರ್ವರ್ ನೋಡ್ಕೊಳ್ಳೋಕೆ ಜನ ಇಲ್ಲ, ಡೇಟಾನ ಜಾಹೀರಾತು ಕಂಪನಿಗೂ ಕೊಡಲ್ಲ ಅನ್ನೋರಿಗೆ ದುಡ್ಡು ತಗೊಂಡು ಲೆಕ್ಕ ಮಾತ್ರ ಹಾಕ್ಕೊಡೋ ಸೇವೆಗಳಿವೆ, ಪ್ಲಾಸಿಬಲ್, ಫ್ಯಾದಮ್, ಮಾಟೊಮೊ ಕ್ಲೌಡ್ ಥರದ್ದು. ಇವು ಥರ್ಡ್ ಪಾರ್ಟಿನೇ, ಆದ್ರೆ ಅವರ ಆದಾಯ ಬರೋದು ನಿಮ್ಮ ಚಂದಾದಿಂದ, ನಿಮ್ಮ ಓದುಗರಿಂದ ಅಲ್ಲ. ಪ್ಲಾಸಿಬಲ್, ಮಾಟೊಮೊದಂಥ ಓಪನ್ ಸೋರ್ಸ್ ಟೂಲಿನಲ್ಲಿ ನಾಳೆ ಬೆಲೆ ಏರಿಸಿದ್ರೆ ಅದೇ ಸಾಫ್ಟ್‌ವೇರನ್ನ ನಿಮ್ಮ ಸರ್ವರಿಗೆ ತಂದ್ಕೊಳ್ಳೋ ದಾರಿನೂ ಇದೆ, ಕೆಲವು ಸೌಲಭ್ಯ ಬಿಟ್ಕೊಡ್ಬೇಕಾಗ್ಬಹುದು ಅಷ್ಟೇ.

ಹೊಸ ಪ್ರಸ್ತಾವನೆಯ ಜಗಳ ನಡಿಯೋದು ಇಂಥ ಸೇವೆಗಳ ಮೇಲೇ. ಸೈಟಿನವರೇ ಮಾಡ್ಬೇಕು ಅನ್ನೋ ಪದನ ಅಕ್ಷರಶಃ ಓದಿದ್ರೆ ಸ್ವಂತ ಸರ್ವರಿನವರಿಗೆ ಮಾತ್ರ ವಿನಾಯಿತಿ, ಚಂದಾ ಸೇವೆ ತಗೊಂಡೋರು ಹೊರಗೆ. ಸ್ವಲ್ಪ ಸಡಿಲವಾಗಿ ಓದಿದ್ರೆ, ಸೈಟಿನವರ ಪರವಾಗಿ, ಅವರು ಹೇಳಿದಷ್ಟೇ ಕೆಲಸ ಮಾಡೋ ಕೂಲಿ ಲೆಕ್ಕಿಗನಿಗೂ ವಿನಾಯಿತಿ ಸಲ್ಲತ್ತೆ. ಎರಡನೇ ಓದೇ ಹೆಚ್ಚು ಸಮಂಜಸ ಅನ್ಸತ್ತೆ, ಯಾಕಂದ್ರೆ ಸಣ್ಣ ಸೈಟಿನವರಿಗೆ ಸ್ವಂತ ಸರ್ವರ್ ಇಟ್ಕೊ ಅಂದ್ರೆ ಅವರು ಎಣಿಸೋದನ್ನೇ ಬಿಡ್ತಾರೆ, ಇಲ್ಲಾ ಅಪ್‌ಡೇಟ್ ಇಲ್ಲದ ಸರ್ವರಲ್ಲಿ ಓದುಗರ ಮಾಹಿತಿ ಕೊಳೀತಾ ಬೀಳತ್ತೆ. ಗೂಗಲ್ ಥರದವರು ಡೇಟಾ ಹಂಚಿಕೆ ಆಫ್ ಆಗಿದ್ರೆ ನಾವೂ ಕೂಲಿ ಲೆಕ್ಕಿಗರೇ ಅಂತ ವಾದ ಮಾಡೋದು ಖಂಡಿತ, ಅದನ್ನ ನಿಯಂತ್ರಕರು ಒಪ್ತಾರಾ ಅನ್ನೋದರ ಮೇಲೆ ಬ್ಯಾನರುಗಳ ಭವಿಷ್ಯ ನಿಂತಿದೆ.

ಅಲ್ಲಿವರೆಗೂ ಆಯ್ಕೆ ಮಾಡೋರು ಒಂದು ಕೆಲಸ ಮೊದ್ಲು ಮಾಡ್ಬೇಕು, ಹೋದ ಆರು ತಿಂಗಳಲ್ಲಿ ಈ ವರದಿ ನೋಡಿ ಯಾವ ನಿರ್ಧಾರ ತಗೊಂಡ್ವಿ ಅಂತ ಬರ್ಕೊಳ್ಳೋದು. ಯಾವ ಪುಟ ಓದ್ತಾರೆ, ಎಲ್ಲಿಂದ ಬರ್ತಾರೆ ಅಷ್ಟೇ ಆಗಿದ್ರೆ ಲಾಗ್ ಅಥವಾ ಒಂದು ತೆಳ್ಳಗಿನ ಟೂಲ್ ಸಾಕು. ಎಲ್ಲಿಂದ ಅನ್ನೋದೂ ಈಗ ಮಬ್ಬಾಗಿದೆ, ಹುಡುಕಿದ ಪದಗಳನ್ನ ಗೂಗಲ್ 2011ರಿಂದ ಮುಚ್ಚಿಡೋಕೆ ಶುರು ಮಾಡ್ತು, 2020ರಿಂದ ಕ್ರೋಮ್ ಹಿಂದಿನ ಸೈಟಿನ ಹೆಸರು ಮಾತ್ರ ಹೇಳತ್ತೆ ಯಾವ ಪುಟ ಅಂತ ಹೇಳಲ್ಲ, ಇದು ಎಲ್ಲಾ ಟೂಲಿಗೂ ಒಂದೇ. ಜಾಹೀರಾತಿಗೆ ದುಡ್ಡು ಸುರಿಯೋರಾದ್ರೆ ಜಿಎ4 ಬಿಡೋದು ಕಷ್ಟ, ಅವರು ಬಿಗ್‌ಕ್ವೆರಿ ರಫ್ತು ಇವತ್ತೇ ಆನ್ ಮಾಡಿಡೋದು ಒಳ್ಳೇದು, ಯಾಕಂದ್ರೆ ಆನ್ ಮಾಡಿದ ದಿನದಿಂದ ಮುಂದಿಂದು ಮಾತ್ರ ಹೋಗತ್ತೆ, ಹಿಂದಿಂದು ಬರಲ್ಲ. ಓದುಗರ ಕಾಯಿಲೆ, ದುಡ್ಡುಕಾಸು, ಧರ್ಮ ಥರದ ಸೂಕ್ಷ್ಮ ವಿಷಯದ ಸೈಟಾದ್ರೆ ಯಾವ ಪುಟ ಓದಿದ್ರು ಅನ್ನೋದೇ ಒಂದು ಗುಟ್ಟು, ಅಂಥ ಕಡೆ ಜಾಹೀರಾತು ಕಂಪನಿಯ ಸ್ಕ್ರಿಪ್ಟ್ ಇಡೋಕೆ ಯಾವ ಸಮರ್ಥನೆನೂ ಇಲ್ಲ.

ಬದಲಾಯಿಸೋರು ಹಳೇದನ್ನ ತಕ್ಷಣ ಕೀಳದೇ ಒಂದೆರಡು ತಿಂಗಳು ಎರಡೂ ಒಟ್ಟಿಗೆ ಓಡಿಸ್ಬೇಕು. ನಂಬರ್ ಹೊಂದಲ್ಲ, ಆದ್ರೆ ಎರಡರ ನಡುವಿನ ಅಂತರ ಸಾಮಾನ್ಯವಾಗಿ ಒಂದೇ ಪ್ರಮಾಣದಲ್ಲಿರತ್ತೆ, ಆ ಪ್ರಮಾಣ ಗೊತ್ತಿದ್ರೆ ಹೋದ ವರ್ಷದ ಲೆಕ್ಕನ ಈ ವರ್ಷದ ಜೊತೆ ಇಟ್ಟು ನೋಡ್ಬಹುದು. ಹಳೇ ವರದಿಗಳನ್ನ ಸಿಎಸ್‌ವಿ ಫೈಲಾಗಿ ಇಳಿಸ್ಕೊಂಡು ಆ ಕಂಪನಿಯ ಕೈಗೆ ಸಿಗದ ಜಾಗದಲ್ಲಿ ಇಟ್ಕೊಳ್ಳಿ.